ಕೇಳಿದ್ದನ್ನಷ್ಟೇ ಕೊಟ್ಟ ವಿಯೆನೊ ಹೈಕಿಲಾ

ವಿಯೆನೊ ಹೈಕಿಲಾ ತನ್ನ ಬದುಕಿನ ಇಪ್ಪತ್ತೆರಡು ವರ್ಷಗಳನ್ನು ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ರೋಗಿಗಳ ಕಡತಗಳ ನಡುವೆ ಕಳೆದಿದ್ದಳು. ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದ ತುದಿ ಅದು. ತಾಮ್ರದ ಗಣಿಗಳು ಮುಚ್ಚಿದ ಮೇಲೆ ಅಲ್ಲಿ ಉಳಿದದ್ದು ಕಾಡು, ಸುಪೀರಿಯರ್ ಸರೋವರ, ಮತ್ತೆ ವರ್ಷದಲ್ಲಿ ಆರು ತಿಂಗಳ ಹಿಮ. ವಿಯೆನೊಳ ಅಜ್ಜ ಫಿನ್ಲೆಂಡಿನಿಂದ ಬಂದು ಗಣಿಗೆ ಇಳಿದವನು. ಅಪ್ಪ ಅದೇ ಗಣಿಯ ಕೊನೆಯ ದಿನ ಮೇಲೆ ಬಂದವನು. ಮನೆತನದಲ್ಲಿ ಮೇಜಿನ ಮುಂದೆ ಕೂತು ಸಂಬಳ ಎಣಿಸಿದ ಮೊದಲನೆಯವಳು ವಿಯೆನೊ. ಅವಳ ಮೇಜೂ ನೆಲದ ಕೆಳಗೇ ಇತ್ತು ಎಂದು ಅಪ್ಪ ತಮಾಷೆ ಮಾಡುತ್ತಿದ್ದ.

ಅವಳ ಕೆಲಸ ಹೊರಗಿನಿಂದ ನೋಡಿದವರಿಗೆ ಕೆಲಸವೇ ಅಲ್ಲ. ವಿಮೆಯವರು ಒಬ್ಬ ರೋಗಿಯ ಶಸ್ತ್ರಚಿಕಿತ್ಸೆಯ ತಾರೀಖು ಕೇಳುತ್ತಾರೆ. ಶಾಲೆಯವರು ಒಂದು ಮಗುವಿನ ಲಸಿಕೆಯ ವಿವರ ಕೇಳುತ್ತಾರೆ. ಕೇಳಿದ್ದನ್ನು ಕಳಿಸಬೇಕು, ಅಷ್ಟೆ. ಆದರೆ ಕಡತದಲ್ಲಿ ಕೇಳಿದ ಒಂದು ಸಾಲಿನ ಜೊತೆ ಕೇಳದ ನೂರು ಸಾಲುಗಳು ಇರುತ್ತವೆ. ಅಲ್ಲಿದ್ದ ಉಳಿದ ಗುಮಾಸ್ತರೆಲ್ಲ ಇಡೀ ಕಡತವನ್ನು ನಕಲು ತೆಗೆದು, ಬೇಡದ ಸಾಲುಗಳ ಮೇಲೆ ದಪ್ಪ ಕರಿ ಪೆನ್ನು ಎಳೆದು ಕಳಿಸುತ್ತಿದ್ದರು. ವಿಯೆನೊ ಕೂಡ ಮೊದಮೊದಲು ಹಾಗೇ ಮಾಡುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಕೌಂಟರಿನ ಮುಂದೆ ಬಂದು ನಿಂತಳು. ಅವಳ ಬೆನ್ನುನೋವಿನ ಬಗ್ಗೆ ಮಾತ್ರ ಹೋಗಬೇಕಿದ್ದ ಕಾಗದದಲ್ಲಿ, ಹತ್ತು ವರ್ಷದ ಹಿಂದೆ ಗರ್ಭ ಇಳಿದ ಸಂಗತಿಯೂ ಹೋಗಿತ್ತು. ಕರಿ ಪೆನ್ನು ಆ ಒಂದು ಪುಟವನ್ನು ದಾಟಿ ಹೋಗಿತ್ತು. ತನ್ನ ಗಂಡನಿಗೂ ಹೇಳದ ವಿಷಯ ಈಗ ಬೇಕರಿಯ ಮಾಲೀಕನ ಮೇಜಿನ ಮೇಲಿದೆ ಎಂದು ಆಕೆ ಹೇಳಿದಳು. ಕೂಗಾಡಲಿಲ್ಲ. ಹೇಳಿ, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಹೋದಳು. ಆ ನಕಲು ತೆಗೆದವಳು ವಿಯೆನೊ ಅಲ್ಲ. ಆದರೂ ಅವಳಿಗೆ ಆ ಮಧ್ಯಾಹ್ನ ಊಟ ಸೇರಲಿಲ್ಲ.

ಮರುದಿನದಿಂದ ಅವಳು ಕರಿ ಪೆನ್ನು ಮುಟ್ಟಲಿಲ್ಲ. ಖಾಲಿ ಹಾಳೆ ತೆಗೆದುಕೊಂಡು, ಕೇಳಿದ್ದು ಏನೋ ಅದನ್ನು ಮಾತ್ರ ಅದರ ಮೇಲೆ ಟೈಪ್ ಮಾಡಿ ಕಳಿಸತೊಡಗಿದಳು. ಅದು ನಿಧಾನದ ಕೆಲಸ. ಮೇಲಿನವರು ಗೊಣಗಿದರು. ಅವಳು ಬದಲಾಗಲಿಲ್ಲ. ಆಮೇಲೆ ಅವಳ ಕೈಯಿಂದ ಹೋದ ಒಂದು ಕಾಗದದ ಬಗ್ಗೆಯೂ ಯಾರೂ ಕೌಂಟರಿಗೆ ಬಂದು ನಿಲ್ಲಲಿಲ್ಲ.

ಕಡತಗಳೆಲ್ಲ ಕಂಪ್ಯೂಟರಿಗೆ ಹೋದಾಗ ನೆಲಮಾಳಿಗೆಯ ಕೆಲಸವೂ ಹೋಯಿತು. ಅವಳಿಗೆ ಆಗ ನಲವತ್ತೇಳು. ಗಂಡ ರೂಡಿ ಕೌಂಟಿಯ ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಇನ್ನು ಮನೆಯಲ್ಲಿ ಆರಾಮಾಗಿರು, ಏಲಕ್ಕಿ ಹಾಕಿ ನಿಸು ಬ್ರೆಡ್ ಮಾಡು, ತಿನ್ನುವುದು ನನ್ನ ಜವಾಬ್ದಾರಿ ಎಂದ. ವಿಯೆನೊ ಎರಡು ವಾರ ಬ್ರೆಡ್ ಮಾಡಿದಳು. ಮೂರನೆಯ ವಾರ ಸಮುದಾಯ ಕಾಲೇಜಿಗೆ ಹೋಗಿ, ನನ್ನ ಕೆಲಸ ತಿಂದ ಈ ಕಂಪ್ಯೂಟರಿಗೆ ಮಾತು ಕಲಿಸುವುದು ಹೇಗೆ, ಅದನ್ನು ಹೇಳಿಕೊಡಿ ಎಂದು ಹೆಸರು ಬರೆಸಿದಳು.

ತರಗತಿಯಲ್ಲಿ ಉಳಿದವರೆಲ್ಲ ಹತ್ತೊಂಬತ್ತು ಇಪ್ಪತ್ತರವರು. ಅವರ ಬೆರಳು ಕೀಲಿಮಣೆಯ ಮೇಲೆ ಓಡುತ್ತಿದ್ದವು, ಇವಳವು ನಡೆಯುತ್ತಿದ್ದವು. ಮೊದಲ ಎರಡು ತಿಂಗಳು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯ ಅಲ್ಪವಿರಾಮ, ಆವರಣಗಳಲ್ಲೇ ಸಿಕ್ಕಿಹಾಕಿಕೊಂಡು ಎಷ್ಟೋ ಸಲ ಕಾರಿನಲ್ಲಿ ಕೂತು ಕಣ್ಣೊರೆಸಿಕೊಂಡಳು. ಆಮೇಲೊಂದು ದಿನ ಮೇಷ್ಟ್ರು ಆಬ್ಜೆಕ್ಟ್ ಎಂದರೇನು ಎಂದು ವಿವರಿಸಿದರು. ಒಂದು ವಸ್ತುವಿನ ಅಥವಾ ಒಬ್ಬ ಮನುಷ್ಯನ ಬಗ್ಗೆ ಗೊತ್ತಿರುವುದನ್ನೆಲ್ಲ ಒಂದು ಕಡೆ ಇಡುವುದು. ಎಡಗಡೆ ಗುಣದ ಹೆಸರು, ಬಲಗಡೆ ಅದರ ವಿವರ. ಎತ್ತರ, ಇಷ್ಟು. ವಯಸ್ಸು, ಇಷ್ಟು. ವಿಯೆನೊ ಬೆನ್ನು ನೆಟ್ಟಗೆ ಮಾಡಿ ಕೂತಳು. ಅದು ಕಡತ. ಅವಳಿಗೆ ಕಡತ ಗೊತ್ತಿತ್ತು.

ಇರುವ ಗುಣಗಳಲ್ಲಿ ಬೇಕಾದ್ದನ್ನಷ್ಟೇ ಆರಿಸಿ ಹೊಸ ಆಬ್ಜೆಕ್ಟ್ ಮಾಡುವುದು ಮುಂದಿನ ಪಾಠ. ಸಾಲಾಗಿ ಇಟ್ಟ ಪಟ್ಟಿಯನ್ನು ಸೋಸಲು ಜಾವಾಸ್ಕ್ರಿಪ್ಟಿನಲ್ಲಿ ನೇರ ದಾರಿಯಿದೆ. ಆಬ್ಜೆಕ್ಟಿಗೆ ಆ ದಾರಿಯಿಲ್ಲ. ಮೊದಲು ಅದನ್ನು ಹೆಸರು, ವಿವರ ಎಂಬ ಜೋಡಿಗಳಾಗಿ ಬಿಡಿಸಬೇಕು. ಆ ಜೋಡಿಗಳನ್ನು ಸೋಸಬೇಕು. ಉಳಿದದ್ದನ್ನು ಮತ್ತೆ ಕೂಡಿಸಬೇಕು. ಹುಡುಗರು ಇದೇನು ಸುತ್ತಿ ಬಳಸಿ ಎಂದು ಆಕಳಿಸಿದರು. ವಿಯೆನೊ ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಚಿಕ್ಕ ಚಿಕ್ಕ ರಟ್ಟಿನ ಚೀಟಿಗಳಲ್ಲಿ ರೂಡಿಯನ್ನೇ ಬರೆದು ಹರಡಿದಳು. ಹೆಸರು ರೂಡಿ. ಕೆಲಸ ಲಾರಿ. ಬೂಟಿನ ಅಳತೆ ಹನ್ನೊಂದು. ಗೊರಕೆ ಇದೆ.

ರೂಡಿ ಕಾಫಿ ಲೋಟ ಹಿಡಿದು ಬಂದು ಬಗ್ಗಿ ನೋಡಿದ. "ಆ ಗೊರಕೆ ಚೀಟಿ ತೆಗೆದುಹಾಕೇ."

"ನಾನು ಯಾವುದನ್ನೂ ತೆಗೆಯಲ್ಲ ಕಣೋ. ಬೇಕಾದ್ದನ್ನ ಮಾತ್ರ ಇಟ್ಕೋತೀನಿ."

"ಎರಡೂ ಒಂದೇ ಅಲ್ವೇನೇ?"

"ನಾಳೆ ನೀನು ಇನ್ನೊಂದು ಕೆಟ್ಟ ಚಾಳಿ ಕಲ್ತು ಬಾ, ಆಗ ಹೇಳ್ತೀನಿ ಒಂದೋ ಎರಡೋ ಅಂತ."

ಎರಡು ವರ್ಷ ಓದಿ ಮುಗಿಸಿದ ಮೇಲೆ ಅವಳಿಗೆ ಕೆಲಸ ಸಿಕ್ಕಿದ್ದು ಮನೆ ಬಿಟ್ಟು ಬಂದ ಹೆಂಗಸರಿಗೆ ಆಸರೆ ಕೊಡುವ ಒಂದು ಸಂಸ್ಥೆಯಲ್ಲಿ. ಹೊಡೆಯುವ ಗಂಡಂದಿರಿಂದ ತಪ್ಪಿಸಿಕೊಂಡು, ಮಕ್ಕಳನ್ನು ಎತ್ತಿಕೊಂಡು, ಬಗಲಲ್ಲಿ ಒಂದು ಚೀಲ ಸಿಕ್ಕಿಸಿಕೊಂಡು ಬಂದವರು ಅಲ್ಲಿ ಕೆಲವು ವಾರ ಇದ್ದು, ಆಮೇಲೆ ದೂರದ ಊರಲ್ಲಿ ಹೊಸ ಮನೆ ಹಿಡಿಯುತ್ತಿದ್ದರು. ಸಂಸ್ಥೆಯನ್ನು ನಡೆಸುತ್ತಿದ್ದವಳು ಡೆಲ್ಫೀನ್ ಎಂಬ ಅರವತ್ತರ ಹೆಂಗಸು. ಕಡಿಮೆ ಮಾತು, ನೆಟ್ಟ ನೋಟ. ಸಂದರ್ಶನದಲ್ಲಿ ಅವಳು ಕಂಪ್ಯೂಟರಿನ ಬಗ್ಗೆ ಏನೂ ಕೇಳಲಿಲ್ಲ. ಆಸ್ಪತ್ರೆಯ ಕಡತಗಳನ್ನು ಹೇಗೆ ಕಳಿಸುತ್ತಿದ್ದೆ ಎಂದು ಕೇಳಿದಳು. ವಿಯೆನೊ ಹೇಳಿದಳು. ಸೋಮವಾರದಿಂದ ಬಾ ಎಂದಳು ಡೆಲ್ಫೀನ್.

ಅಲ್ಲಿನ ಪ್ರೋಗ್ರಾಂಗಳನ್ನೆಲ್ಲ ಬರೆದಿದ್ದವನು ಕಾರ್ವಿನ್ ಎಂಬ ಇಪ್ಪತ್ತೆಂಟರ ತರುಣ. ವಯಸ್ಸಿನಲ್ಲಿ ವಿಯೆನೊಳ ಮಗನಂತಿದ್ದರೂ ಕೆಲಸದಲ್ಲಿ ಅವಳ ಮೇಲಿನವನು. ಬುದ್ಧಿವಂತ, ಒಳ್ಳೆಯವನು, ಸದಾ ಅವಸರ. ಆ ಸಂಸ್ಥೆಗೆ ನಲವತ್ತು ಮಂದಿ ಸ್ವಯಂಸೇವಕರು ತಮ್ಮ ಸ್ವಂತ ಕಾರುಗಳಲ್ಲಿ ಸಾರಿಗೆ ಒದಗಿಸುತ್ತಿದ್ದರು. ಹೆಂಗಸರನ್ನು ಕೋರ್ಟಿಗೆ, ಡಾಕ್ಟರ ಹತ್ತಿರ, ಬಸ್ ನಿಲ್ದಾಣಕ್ಕೆ ಕರೆದೊಯ್ಯುವವರು ಅವರೇ. ಅವರೆಲ್ಲರೂ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು, ಯಾವ ದಿನ ಎಲ್ಲಿಗೆ ಕಾರು ಬೇಕು ಎಂದು ನೋಡಿ, ತಮಗೆ ಆಗುವುದನ್ನು ಒಪ್ಪಿಕೊಳ್ಳುತ್ತಿದ್ದರು.

ವಿಯೆನೊ ಮೊದಲ ವಾರವೇ ಆ ಪುಟದ ಹಿಂದಿನ ಪ್ರೋಗ್ರಾಂ ಓದಿದಳು. ಒಬ್ಬ ಹೆಂಗಸಿನ ಇಡೀ ವಿವರ ಇರುವ ಆಬ್ಜೆಕ್ಟನ್ನು ಕಾರ್ವಿನ್ ಮೊದಲು ನಕಲು ತೆಗೆಯುತ್ತಿದ್ದ. ಅದರಿಂದ ಹೆಸರು ಅಳಿಸುತ್ತಿದ್ದ. ಫೋನ್ ನಂಬರ್ ಅಳಿಸುತ್ತಿದ್ದ. ಗಂಡನ ಹೆಸರು ಅಳಿಸುತ್ತಿದ್ದ. ಮಿಕ್ಕಿದ್ದನ್ನು ಪುಟಕ್ಕೆ ಕಳಿಸುತ್ತಿದ್ದ. ವಿಯೆನೊಳ ಮೂಗಿಗೆ ಕರಿ ಪೆನ್ನಿನ ವಾಸನೆ ಬಡಿದ ಹಾಗಾಯಿತು.

ಅವಳು ಅವನ ಮೇಜಿನ ಹತ್ತಿರ ಹೋಗಿ, ಇದನ್ನು ತಿರುಗಿಸಿ ಬರೆಯುತ್ತೇನೆ ಎಂದಳು. ಬೇಡದ್ದರ ಪಟ್ಟಿ ಇಟ್ಟುಕೊಂಡು ಅಳಿಸುವುದು ಬೇಡ, ಬೇಕಾದ್ದರ ಪಟ್ಟಿ ಇಟ್ಟುಕೊಂಡು ಅದನ್ನು ಮಾತ್ರ ದಾಟಿಸೋಣ. ಕಾರು ಓಡಿಸುವವರಿಗೆ ಬೇಕಾದದ್ದು ಐದೇ ಸಂಗತಿ: ಎಷ್ಟು ಹೊತ್ತಿಗೆ, ಎಲ್ಲಿ ಹತ್ತಿಸಿಕೊಳ್ಳಬೇಕು, ಎಷ್ಟು ಮಂದಿ, ಮಕ್ಕಳ ಸೀಟು ಎಷ್ಟು, ಗಾಲಿಕುರ್ಚಿ ಇದೆಯೋ ಇಲ್ಲವೋ. ಎಲ್ಲಿ ಇಳಿಸಬೇಕೆಂಬುದನ್ನು ಕಾರಿಗೆ ಹತ್ತಿದ ಹೆಂಗಸೇ ಹೇಳುತ್ತಾಳೆ.

ಕಾರ್ವಿನ್ ಕುರ್ಚಿ ತಿರುಗಿಸಿದ. "ವಿಯೆನೊ, ಈಗಿರೋದು ಚೆನ್ನಾಗೇ ನಡೀತಿದೆಯಲ್ಲ. ನೀವು ಹೇಳೋ ಹಾಗೆ ಮಾಡಿದ್ರೆ ಯಾರಾದ್ರೂ ಹೊಸದಾಗಿ ಒಂದು ವಿವರ ಸೇರಿಸಿದಾಗೆಲ್ಲ ಅದು ಪುಟದಲ್ಲಿ ಕಾಣಲ್ಲ. ಪ್ರತೀ ಸಲ ನಿಮ್ಮ ಹತ್ರ ಬಂದು ಕೇಳ್ಬೇಕು."

"ಬರಲಿ. ಕೇಳಲಿ."

"ಸುಮ್ನೆ ಎಲ್ಲರಿಗೂ ತೊಂದ್ರೆ."

"ಕೇಳೋ ತೊಂದರೇನೇ ನಂಗೆ ಬೇಕಾಗಿರೋದಪ್ಪ. ಕೇಳಿದಾಗ ಯಾಕೆ ಅಂತ ಒಂದು ಕ್ಷಣ ಯೋಚನೆ ಮಾಡ್ತಾರೆ."

ಅವನು ನಕ್ಕ, ಒಪ್ಪಲಿಲ್ಲ. ವಿಷಯ ಡೆಲ್ಫೀನಳ ಕೋಣೆಗೆ ಹೋಯಿತು. ಅವಳು ಇಬ್ಬರ ಮಾತನ್ನೂ ಕೇಳಿ, ವಿಯೆನೊ ಬರೆಯಲಿ, ಕಾರ್ವಿನ್ ಪರೀಕ್ಷಿಸಲಿ ಎಂದು ತೀರ್ಮಾನ ಕೊಟ್ಟಳು.

ಬರೆದದ್ದು ಮೂರೇ ಸಾಲು. ಆದರೆ ಅದರ ಹಿಂದೆ ಮೂರು ವಾರದ ಹೆಣಗಾಟವಿತ್ತು. ಮಕ್ಕಳ ಸೀಟು ಬೇಕು ಎಂದು ಅವಳು ಮಕ್ಕಳು ಎಂಬ ಗುಣವನ್ನು ತನ್ನ ಪಟ್ಟಿಗೆ ಸೇರಿಸಿದ್ದಳು. ಪರೀಕ್ಷೆ ಮಾಡಿದಾಗ ಅದರೊಳಗೆ ಇನ್ನೊಂದು ಆಬ್ಜೆಕ್ಟೇ ಇತ್ತು. ಮಕ್ಕಳ ಹೆಸರು, ಅವರ ಶಾಲೆ, ಶಾಲೆ ಬಿಡುವ ಸಮಯ ಎಲ್ಲವೂ ಹೊರಗಿನ ಬಾಗಿಲಲ್ಲಿ ಒಪ್ಪಿಗೆ ಪಡೆದು ಒಟ್ಟಿಗೆ ದಾಟಿ ಬಂದಿದ್ದವು. ವಿಯೆನೊ ಹಳೆಯದನ್ನೂ ಪರೀಕ್ಷಿಸಿ ನೋಡಿದಳು. ಹಳೆಯ ಪುಟದಲ್ಲೂ ಅವು ಪರದೆಯ ಮೇಲೆ ಕಾಣದಿದ್ದರೂ ಸ್ವಯಂಸೇವಕರ ಕಂಪ್ಯೂಟರಿನವರೆಗೆ ಹೋಗುತ್ತಲೇ ಇದ್ದವು. ಕಾರ್ವಿನನನ್ನು ಕರೆದು ತೋರಿಸಿದಳು. ಅವನ ಮುಖ ಸಣ್ಣದಾಯಿತು. ಅಂದಿನಿಂದ ಅವನು ಅವಳ ಕೆಲಸವನ್ನು ನಗದೆ ನೋಡತೊಡಗಿದ. ಮಕ್ಕಳು ಎಂಬುದನ್ನೇ ಬಿಟ್ಟು, ಸೀಟಿನ ಸಂಖ್ಯೆಯನ್ನು ಮಾತ್ರ ಬೇರೆಯಾಗಿ ಎಣಿಸಿ ದಾಟಿಸುವಂತೆ ಅವಳು ಬರೆದಳು.

ಅವಳ ಕೈಯಿಂದಲೂ ಒಂದು ತಪ್ಪಾಯಿತು, ಅದನ್ನು ಅವಳು ಯಾವತ್ತೂ ಮುಚ್ಚಿಡಲಿಲ್ಲ. ಭರ್ತಿಯಾಗದ ಖಾಲಿ ಸಾಲುಗಳು ಪುಟದಲ್ಲಿ ಕಾಣುವುದು ಬೇಡವೆಂದು, ವಿವರವಿಲ್ಲದ ಜೋಡಿಗಳನ್ನೂ ಸೋಸಿಬಿಡುವಂತೆ ಮಾಡಿದ್ದಳು. ಜಾವಾಸ್ಕ್ರಿಪ್ಟಿಗೆ ಖಾಲಿಯೂ ಒಂದೇ, ಸೊನ್ನೆಯೂ ಒಂದೇ, ಇಲ್ಲ ಎಂಬ ಉತ್ತರವೂ ಒಂದೇ. ಅವಳು ಕೇಳಿದ ರೀತಿಗೆ ಅದು ಮೂರನ್ನೂ ಎತ್ತಿ ಬಿಸಾಡಿತು. ಗಾಲಿಕುರ್ಚಿ ಇಲ್ಲ ಎಂಬ ಸಾಲು ಪುಟದಿಂದ ಮಾಯವಾಯಿತು. ಬರಾಗಾ ಊರಿನ ಒಬ್ಬ ಸ್ವಯಂಸೇವಕ, ಇದೆಯೋ ಇಲ್ಲವೋ ತಿಳಿಯದೆ, ಅಣ್ಣನ ದೊಡ್ಡ ವ್ಯಾನು ಬೇಡಿ ತಂದು ನಲವತ್ತು ಮೈಲಿ ಹಿಮದಲ್ಲಿ ಓಡಿಸಿಕೊಂಡು ಬಂದ. ಹತ್ತಿದ್ದು ಇಬ್ಬರು ಗಟ್ಟಿಮುಟ್ಟಾದ ಹೆಂಗಸರು. ವಿಯೆನೊ ಅವನಿಗೆ ತಾನೇ ಫೋನ್ ಮಾಡಿ ಕ್ಷಮೆ ಕೇಳಿ, ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಮಾಡಿ ಕಳಿಸಿದಳು. ಹೇಳದೆ ಇರುವುದು ಬೇರೆ, ಇಲ್ಲ ಎಂದು ಹೇಳುವುದು ಬೇರೆ ಎಂಬುದು ಇಪ್ಪತ್ತೆರಡು ವರ್ಷ ಕಡತ ನೋಡಿದ ತನಗೆ ಗೊತ್ತಿರಬೇಕಿತ್ತು ಎಂದು ಅವಳಿಗೆ ತನ್ನ ಮೇಲೇ ಸಿಟ್ಟು. ಅದನ್ನು ಸರಿಪಡಿಸಿದಳು. ಆಮೇಲೆ ಆ ಪುಟದಲ್ಲಿ ಸದಾ ಐದು ಸಾಲು.

ಮೂರು ವರ್ಷ ಹಾಗೇ ನಡೆಯಿತು. ಜನ ಬಂದು ಕೇಳುತ್ತಿದ್ದರು. ನಾಯಿ ಜೊತೆಗಿದ್ದರೆ ತೋರಿಸಬಹುದೇ? ವಿಯೆನೊ ಯೋಚಿಸಿ, ಡೆಲ್ಫೀನಳನ್ನು ಕೇಳಿ, ಬೇಡವೆಂದಳು. ನಾಯಿಯಿಂದ ಮನೆ ಗುರುತು ಸಿಗುತ್ತದೆ. ಕಾರ್ವಿನ್ ಅವಳಿಗೆ ಬಾಗಿಲು ಕಾಯುವ ಅಜ್ಜಿ ಎಂದು ಹೆಸರಿಟ್ಟ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ.

ಆ ವರ್ಷದ ಮಾರ್ಚಿನಲ್ಲಿ, ಸಂಸ್ಥೆಯ ಸಿಬ್ಬಂದಿ ತಮ್ಮ ಅನುಕೂಲಕ್ಕೆಂದು ಪ್ರತಿಯೊಬ್ಬ ಹೆಂಗಸಿನ ವಿವರದಲ್ಲಿ ಹೊಸದೊಂದು ಗುಣ ಸೇರಿಸಿದರು: ಹೊಸ ಮನೆಯ ವಿಳಾಸ. ಪೀಠೋಪಕರಣ ಕಳಿಸಲು ಅದು ಬೇಕಿತ್ತು. ಪುಟದಲ್ಲಿ ಅದು ಬೇಡವಾದ್ದರಿಂದ ಯಾರೂ ವಿಯೆನೊಳಿಗೆ ಹೇಳಲಿಲ್ಲ, ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಅದಾಗಿ ಹತ್ತು ದಿನಕ್ಕೆ ಒಂದು ಬೆಳಿಗ್ಗೆ ಲೈಲ್ ಎಂಬ ಸ್ವಯಂಸೇವಕ ಕಚೇರಿಗೆ ಬಂದ. ಮರ ಸಾಗಿಸುವ ಲಾರಿ ಓಡಿಸಿ ನಿವೃತ್ತನಾದವನು. ಎರಡು ವರ್ಷದಿಂದ ಎಂಥ ಹಿಮದಲ್ಲೂ ಕರೆದರೆ ಬರುತ್ತಿದ್ದ, ಎಲ್ಲರಿಗೂ ಬೇಕಾದ ಮನುಷ್ಯ. ಅಂದು ಟೋಪಿಯನ್ನು ಕೈಯಲ್ಲಿ ಹಿಂಡುತ್ತ ಡೆಲ್ಫೀನಳ ಮುಂದೆ ಕೂತ. ವಿಯೆನೊ ಪಕ್ಕದ ಮೇಜಿನಲ್ಲೇ ಇದ್ದಳು.

"ನನ್ನ ತಮ್ಮನ ಹೆಂಡ್ತಿ ಮನೆ ಬಿಟ್ಟು ಹೋಗಿದಾಳೆ," ಎಂದ. "ಎರಡು ಮಕ್ಕಳನ್ನೂ ಕರ್ಕೊಂಡು. ನಿಮ್ಮಲ್ಲಿಗೆ ಬಂದಿದಾಳೋ ಇಲ್ವೋ, ನಾನು ಕೇಳಲ್ಲ, ನೀವೂ ಹೇಳ್ಬೇಡಿ. ಆದ್ರೆ ಆ ಪುಟ ನಾನು ನೋಡಬಾರದು. ನನ್ನ ಹೆಸರು ತೆಗೆದುಬಿಡಿ."

ಡೆಲ್ಫೀನ್ ತಲೆಯಾಡಿಸಿದಳು.

"ತಮ್ಮ ದಿನಾ ಫೋನ್ ಮಾಡ್ತಾನೆ. ಅಳ್ತಾನೆ. ಅವ್ನು ಮಾಡಿದ್ದು ಸರಿ ಅಂತಲ್ಲ. ಆದ್ರೂ ಒಡಹುಟ್ಟಿದವನು. ನನ್ಗೆ ವಿಳಾಸ ಗೊತ್ತಾಗಿದ್ರೆ, ಒಂದಲ್ಲ ಒಂದಿನ ಬಾಯಿಬಿಡ್ತಿದ್ದೆ. ನಾನು ಅಷ್ಟು ಗಟ್ಟಿಗ ಅಲ್ಲ."

ಅವನು ಹೋದ ಮೇಲೆ ಡೆಲ್ಫೀನ್ ಬಾಗಿಲು ಹಾಕಿ, ವಿಯೆನೊ ಮತ್ತು ಕಾರ್ವಿನನನ್ನು ಕರೆದಳು. ಕಾರ್ವಿನ್ ದಾಖಲೆ ತೆಗೆದು ನೋಡಿದ. ಹಿಂದಿನ ವಾರ, ಲೈಲನ ತಮ್ಮನ ಹೆಂಡತಿ ಮತ್ತು ಇಬ್ಬರು ಮಕ್ಕಳು ಹೊಸ ಊರಿಗೆ ಹೊರಟ ದಿನ, ಲೈಲ್ ಆ ಪುಟವನ್ನು ಮೂರು ಸಲ ತೆರೆದಿದ್ದ. ಕಾರು ಓಡಿಸಲು ಬೇರೆಯವರು ಒಪ್ಪಿಕೊಂಡಿದ್ದರಿಂದ ಮುಚ್ಚಿದ್ದ. ಹೊಸ ವಿಳಾಸ ಆ ಹೊತ್ತಿಗೆ ಆ ಆಬ್ಜೆಕ್ಟಿನಲ್ಲಿ ಬಂದು ಕೂತಿತ್ತು.

ಅವರು ಕೇಳುವ ಮೊದಲೇ ಕಾರ್ವಿನ್ ತನ್ನ ಹಳೆಯ ಪ್ರೋಗ್ರಾಂ ಹುಡುಕಿ ತೆಗೆದ. ಕಚೇರಿಯ ಒಳಗಿನ ಯಂತ್ರದಲ್ಲೇ, ಯಾರಿಗೂ ಕಾಣದಂತೆ, ಅದನ್ನು ಆ ಒಂದು ವಿವರದ ಮೇಲೆ ಓಡಿಸಿದ. ಪರದೆಯ ಮೇಲೆ ಹೆಸರು ಬರಲಿಲ್ಲ, ಫೋನ್ ಬರಲಿಲ್ಲ, ಗಂಡನ ಹೆಸರೂ ಬರಲಿಲ್ಲ. ಊರು, ಬೀದಿ, ಕಟ್ಟಡದ ನಂಬರು, ಮೂರನೆಯ ಮಹಡಿಯ ಮನೆಯ ನಂಬರು ಬಂದವು. ಅಳಿಸಬೇಕಾದವುಗಳ ಪಟ್ಟಿಯಲ್ಲಿ ಅವು ಇರಲೇ ಇಲ್ಲವಲ್ಲ, ಆ ಪಟ್ಟಿ ಬರೆದಾಗ ಅವು ಹುಟ್ಟಿರಲಿಲ್ಲ. ಆಮೇಲೆ ವಿಯೆನೊಳ ಮೂರು ಸಾಲನ್ನು ಓಡಿಸಿದ. ಹತ್ತೂವರೆ ಗಂಟೆ. ದಿನಸಿ ಅಂಗಡಿಯ ಹಿಂದಿನ ಪಾರ್ಕಿಂಗ್. ಮೂವರು. ಸೀಟು ಎರಡು. ಗಾಲಿಕುರ್ಚಿ ಇಲ್ಲ.

ಲೈಲ್ ನೋಡಿದ್ದು ಅಷ್ಟು.

ಕಾರ್ವಿನ್ ಕೈಗಳನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನನ್ನದೇ ಇದ್ದಿದ್ರೆ..." ಎಂದು ಶುರುಮಾಡಿ ನಿಲ್ಲಿಸಿದ. ವಿಯೆನೊ ಅವನ ಹೆಗಲ ಮೇಲೆ ಕೈಯಿಟ್ಟಳು. ನೀನು ಪರೀಕ್ಷಿಸಿ ಒಪ್ಪಿದ್ದಕ್ಕೇ ನನ್ನದು ಅಲ್ಲಿಗೆ ಹೋಗಿ ಕೂತದ್ದು ಎಂದಳು. ಅದು ಬರೀ ಸಮಾಧಾನದ ಮಾತಲ್ಲ, ನಿಜವೂ ಹೌದು.

ಡೆಲ್ಫೀನ್ ಎದ್ದು ಬಂದಳು. ಹೊಗಳುವ ಅಭ್ಯಾಸವಿಲ್ಲದ ಹೆಂಗಸು. "ವಿಯೆನೊ, ಮೂರು ಜನ ಇವತ್ತು ಅವರ ಮನೇಲಿ ಬೆಳಗಿನ ತಿಂಡಿ ತಿಂದಿದಾರೆ. ಅದು ನಿನ್ನ ಕೆಲಸ," ಎಂದಳು. ವಿಯೆನೊ ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡಳು. ಕನ್ನಡಿಯಲ್ಲಿ ತನ್ನನ್ನೇ ನೋಡಿದಾಗ ಅವಳಿಗೆ ನಗು ಬಂತು. ಐವತ್ತೆರಡು ವರ್ಷದ ಆ ಮುಖದಲ್ಲಿ ಬಹಳ ದಿನಗಳಿಂದ ಕಾಣದ ಜಂಬ ಕೂತಿತ್ತು. ಇರಲಿ ಎಂದು ಬಿಟ್ಟಳು.

ಸುದ್ದಿ ಸಂಸ್ಥೆಯ ಗೋಡೆಯೊಳಗೇ ಉಳಿಯಬೇಕಿತ್ತು, ಉಳಿಯಿತು. ಆದರೆ ಕಾರ್ವಿನ್ ಸುಮ್ಮನಿರಲಿಲ್ಲ. ಅವನ ಹಳೆಯ ಪ್ರೋಗ್ರಾಮನ್ನು ಬೇರೆ ಊರುಗಳ ಆರು ಆಸರೆಮನೆಗಳು ಕೇಳಿ ಪಡೆದು ಬಳಸುತ್ತಿದ್ದವು. ಅವನೇ ಒಂದೊಂದಕ್ಕೂ ಫೋನ್ ಮಾಡಿ, ನಾನು ಕೊಟ್ಟದ್ದು ಸರಿಯಿಲ್ಲ, ತೆಗೆದುಹಾಕಿ, ನಮ್ಮ ವಿಯೆನೊ ಬರೆದದ್ದನ್ನು ಹಾಕಿಕೊಳ್ಳಿ ಎಂದ. ಒಂದು ಕಡೆ ಹೊಸ ವಿಳಾಸ ಎರಡು ದಿನದಿಂದ ಸ್ವಯಂಸೇವಕರ ಪುಟದಲ್ಲಿ ಕಾಣುತ್ತಲೇ ಇತ್ತು. ಅದೃಷ್ಟಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಅವತ್ತೇ ಪುಟ ಮುಚ್ಚಿದರು.

ಅಕ್ಟೋಬರಿನಲ್ಲಿ ರಾಜ್ಯದ ಎಲ್ಲ ಆಸರೆಮನೆಗಳವರು ರಾಜಧಾನಿ ಲ್ಯಾನ್ಸಿಂಗಿನಲ್ಲಿ ಸೇರಿದಾಗ, ವಿಯೆನೊ ಬಂದು ಮಾತಾಡಬೇಕು ಎಂದು ಕರೆ ಬಂತು. ಅವಳು ಆಗಲ್ಲವೆಂದಳು, ನನಗೆ ವೇದಿಕೆ ಆಗಿಬರುವುದಿಲ್ಲ ಎಂದಳು. ರೂಡಿ ಎರಡು ದಿನ ರಜೆ ಹಾಕಿ, ಅವಳನ್ನು ಕೂರಿಸಿಕೊಂಡು, ಜಲಸಂಧಿಯ ದೊಡ್ಡ ಸೇತುವೆ ದಾಟಿ, ಎಂಟು ಗಂಟೆ ಕಾರು ಓಡಿಸಿದ. ದಾರಿಯುದ್ದಕ್ಕೂ ಅವಳು ತನ್ನ ಮಾತನ್ನು ಒಪ್ಪಿಸಿದಳು, ಅವನು ಕೇಳಿಸಿಕೊಂಡ. ನಡುದಾರಿಯ ಗೇಲಾರ್ಡ್ ಊರಿನ ಹತ್ತಿರ ಬರುವ ಹೊತ್ತಿಗೆ ಆ ಮಾತು ಅವನಿಗೇ ಬಾಯಿಪಾಠವಾಗಿತ್ತು.

ಸಭೆಯಲ್ಲಿ ನೂರೈವತ್ತು ಜನರಿದ್ದರು. ವಿಯೆನೊ ಬರೆದುಕೊಂಡು ಹೋದ ಹಾಳೆ ನೋಡಲೇ ಇಲ್ಲ. ನೆಲಮಾಳಿಗೆಯಿಂದ ಶುರುಮಾಡಿದಳು. ಬೇಕರಿಯ ಹೆಂಗಸಿನ ಕಥೆಯನ್ನು ಯಾರೆಂದು ಗುರುತಾಗದಂತೆ ಹೇಳಿದಳು. ಆಮೇಲೆ ಪರದೆಯ ಮೇಲೆ ತನ್ನ ಮೂರು ಸಾಲು ತೋರಿಸಿ, ಜೋಡಿಗಳಾಗಿ ಬಿಡಿಸಿ, ಸೋಸಿ, ಕೂಡಿಸುವುದನ್ನು ವಿವರಿಸಿದಳು. ಸೊನ್ನೆಯನ್ನು ಬಿಸಾಡಿದ ತನ್ನ ತಪ್ಪನ್ನೂ ಹೇಳಿದಳು. ಕಡೆಗೆ ಕೋಟು ತೊಟ್ಟ ಒಬ್ಬ ತರುಣ ಎದ್ದು ನಿಂತು, ಇದನ್ನು ಮಾಡುವ ಸಿದ್ಧ ಉಪಕರಣಗಳು ಬೇಕಾದಷ್ಟು ಸಿಗುತ್ತವೆ, ಇದರಲ್ಲಿ ಹೊಸದೇನಿದೆ ಎಂದು ಕೇಳಿದ.

"ಹೊಸದೇನೂ ಇಲ್ಲಪ್ಪ," ಎಂದಳು ವಿಯೆನೊ. "ಉಪಕರಣ ಯಾವುದಾದ್ರೂ ಆಗಲಿ. ಆದ್ರೆ ಅದರೊಳಗೆ ಹಾಕೋ ಪಟ್ಟಿ ಅದು ಬರೆಯಲ್ಲ. ಆ ಐದು ಹೆಸರು ಯಾವುದು ಅಂತ ಕೂತು ತೀರ್ಮಾನ ಮಾಡಿದ್ದು ನಾನು."

ಹಿಂದಿನ ಸಾಲಿನಲ್ಲಿ ಕೂತಿದ್ದ ರೂಡಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಅವನ ಲಾರಿ ಓಡಿಸುವ ಕೈಗಳ ಸದ್ದು ದೊಡ್ಡದು. ಉಳಿದವರು ಸೇರಿಕೊಂಡರು.

ಮುಂದಿನ ಎರಡು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಸರೆಮನೆಗಳು ಅವಳ ಹತ್ತಿರ ಕೇಳಿ ತಮ್ಮ ಪ್ರೋಗ್ರಾಂ ಬದಲಿಸಿಕೊಂಡವು. ಕಾರ್ವಿನ್ ದೊಡ್ಡ ಊರಿಗೆ ಹೋದ, ಹೋಗುವ ಮುನ್ನ ತನ್ನ ಕುರ್ಚಿಯನ್ನು ಅವಳಿಗೇ ಕೊಡಬೇಕೆಂದು ಡೆಲ್ಫೀನಳಿಗೆ ಬರೆದುಕೊಟ್ಟು ಹೋದ. ಹೊಸದಾಗಿ ಸೇರಿದವರು ಅವಳನ್ನು ಕೇಳದೆ ಪಟ್ಟಿಗೆ ಒಂದಕ್ಷರ ಸೇರಿಸುವುದಿಲ್ಲ. ಲೈಲ್ ಮತ್ತೆ ಕಾರು ಓಡಿಸಲಿಲ್ಲ, ಆದರೆ ಚಳಿಗಾಲದಲ್ಲಿ ಸಂಸ್ಥೆಯ ಅಂಗಳದ ಹಿಮ ತೆಗೆಯಲು ತಾನೇ ಬರುತ್ತಾನೆ.

ವಿಯೆನೊ ಈಗ ಗುರುವಾರಗಳಂದು ತಾನು ಓದಿದ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಕೆಲಸ ಕಳೆದುಕೊಂಡು ಬಂದ ನಡುವಯಸ್ಸಿನ ಹೆಂಗಸರೇ ಅವಳ ತರಗತಿಯಲ್ಲಿ ಹೆಚ್ಚು. ಕಳೆದ ವಾರ ಒಬ್ಬಾಕೆ, ಅಂಚೆ ಕಚೇರಿಯಲ್ಲಿ ಹದಿನೆಂಟು ವರ್ಷ ಕಾಗದ ವಿಂಗಡಿಸಿದವಳು, ಮೂರನೆಯ ಸಲವೂ ಆವರಣ ತಪ್ಪಿಸಿ, ನನ್ನಂಥವಳಿಗೆ ಇದು ಬರುವ ವಿದ್ಯೆಯಲ್ಲ ಎಂದು ಪುಸ್ತಕ ಮುಚ್ಚಿದಳು. ವಿಯೆನೊ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು, ಅಂಚೆ ಕಚೇರಿಯಲ್ಲಿ ಯಾವ ಕಾಗದ ಯಾವ ಗೂಡಿಗೆ ಎಂದು ಹೇಗೆ ತಿಳಿಯುತ್ತಿತ್ತು, ಅದನ್ನು ಹೇಳು ಎಂದಳು. ಆಕೆ ಹೇಳತೊಡಗಿದಳು. ವಿಯೆನೊ ಕೇಳುತ್ತ, ಅವಳ ಪುಸ್ತಕವನ್ನು ಮೆಲ್ಲಗೆ ಮತ್ತೆ ತೆರೆದಳು.